ಎರಡನೇ ಪುಸ್ತಕ, ಐದು ಕಿರೀಟ: ‘ಎ ಕ್ಲಾಶ್ ಆಫ್ ಕಿಂಗ್ಸ್’ ಓದುವುದು ಹೇಗೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಎಂಬ ಕಾಲ್ಪನಿಕ ಲೋಕದ ಕಾದಂಬರಿ ಸರಣಿಯ ಎರಡನೇ ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರು ನನಗೆ ತುಂಬಾ ಜನ ಸಿಕ್ಕಿದ್ದಾರೆ. ಮೊದಲನೆಯದನ್ನು ಊಟ ನಿದ್ದೆ ಬಿಟ್ಟು ಒಂದು ವಾರದಲ್ಲಿ ಮುಗಿಸಿದವರೇ ಇಲ್ಲಿ ಇನ್ನೂರನೇ ಪುಟದ ಹೊತ್ತಿಗೆ ಸುಸ್ತಾಗುತ್ತಾರೆ. ನಾನೂ ಮೊದಲ ಸಲ ಹಾಗೇ ಬಿಟ್ಟಿದ್ದೆ. ಹೆಸರುಗಳು ಜಾಸ್ತಿ, ಊರುಗಳು ಜಾಸ್ತಿ, ಎಲ್ಲರೂ ರಾಜರು. ಎರಡು ವರ್ಷ ಬಿಟ್ಟು ಮತ್ತೆ ಹಿಡಿದಾಗ ಒಂದು ಚಿಕ್ಕ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಗ ಇಡೀ ಪುಸ್ತಕ ಬೇರೆಯೇ ಆಗಿ ಕಾಣಿಸಿತು. ಹಾಗೆ ಓದುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಮೊದಲ ಪುಸ್ತಕ ‘ಎ ಗೇಮ್ ಆಫ್ ಥ್ರೋನ್ಸ್’ನ ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದನ್ನು ಇನ್ನೂ ಓದಿಲ್ಲವಾದರೆ ಇಲ್ಲೇ ನಿಲ್ಲಿಸಿ. ಎರಡನೇ ಪುಸ್ತಕದಲ್ಲಿ ಯಾರು ಸಾಯುತ್ತಾರೆ, ಯಾರು ಗೆಲ್ಲುತ್ತಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಈ ಪುಸ್ತಕ ಯಾಕೆ ಕಷ್ಟ ಅಂದರೆ, ಮೊದಲನೆಯದರಲ್ಲಿ ಹಿಡಿದುಕೊಳ್ಳೋಕೆ ಒಬ್ಬ ಮನುಷ್ಯನಿದ್ದ. ಉತ್ತರ ನಾಡಿನ ಒಡೆಯ ನೆಡ್ ಸ್ಟಾರ್ಕ್. ಅವನು ಎಲ್ಲಿ ಹೋಗುತ್ತಾನೋ ಅಲ್ಲಿಗೆ ನಾವೂ ಹೋಗುತ್ತಿದ್ದೆವು, ಅವನಿಗೆ ಯಾರು ಮೋಸ ಮಾಡುತ್ತಾರೋ ಅವರ ಮೇಲೆ ನಮಗೂ ಸಿಟ್ಟು ಬರುತ್ತಿತ್ತು. ಅವನ ತಲೆ ಉರುಳಿದ ಮೇಲೆ ಕಥೆಗೆ ಯಜಮಾನನೇ ಇಲ್ಲದ ಹಾಗೆ ಆಯಿತು. ಹಿರಿಯರು ಹೋದ ಮೇಲೆ ಮನೆಯಲ್ಲಿ ಪಾಲಿನ ಗಲಾಟೆ ಶುರುವಾಗುತ್ತದಲ್ಲ, ಹಾಗೆ. ಯಾರ ಬೆನ್ನಿಗೆ ಹೋಗಬೇಕು ಅಂತ ಓದುಗನಿಗೆ ಗೊತ್ತಾಗುವುದಿಲ್ಲ. ನನ್ನ ಉತ್ತರ ಇಷ್ಟೇ: ಯಾವ ಮನುಷ್ಯನ ಬೆನ್ನಿಗೂ ಹೋಗಬೇಡಿ, ಕೊಟ್ಟ ಮಾತಿನ ಬೆನ್ನಿಗೆ ಹೋಗಿ. ಯಾರು ಯಾರಿಗೆ ಆಣೆ ಇಟ್ಟಿದ್ದಾರೆ, ಆ ಆಣೆಗೆ ಯಾವಾಗ ಕುತ್ತು ಬರುತ್ತದೆ, ಎರಡು ಆಣೆಗಳು ಒಂದಕ್ಕೊಂದು ಎದುರಾದಾಗ ಆ ಮನುಷ್ಯ ಯಾವುದನ್ನು ಉಳಿಸಿಕೊಳ್ಳುತ್ತಾನೆ. ಸಿಂಹಾಸನದ ಮೇಲೆ ಕೊನೆಗೆ ಯಾರು ಕೂರುತ್ತಾರೆ ಎಂಬ ಕುತೂಹಲವೊಂದನ್ನೇ ಇಟ್ಟುಕೊಂಡರೆ ಇಷ್ಟು ದಪ್ಪದ ಪುಸ್ತಕ ದಾಟುವುದು ಕಷ್ಟ.

ಶುರು ಮಾಡುವ ಮುಂಚೆ

ಮೊದಲ ಪುಸ್ತಕ ಓದಿ ಆರು ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಪೂರ್ತಿ ಮತ್ತೆ ಓದುವ ಅಗತ್ಯವಿಲ್ಲ. ಕೊನೆಯ ಎಂಟು ಅಧ್ಯಾಯ ಓದಿ ಸಾಕು. ನೆಡ್‌ನ ಮಗಳು ಆರ್ಯಳ ಕೊನೆಯ ಅಧ್ಯಾಯದಿಂದ, ಅಂದರೆ ಅವಳ ಅಪ್ಪನನ್ನು ಜನರ ಮುಂದೆ ಎಳೆದು ತರುವ ಜಾಗದಿಂದ, ಮುಂದಕ್ಕೆ ಎಲ್ಲವನ್ನೂ. ಟಿರಿಯನ್‌ನನ್ನು ಅವನ ಅಪ್ಪ ಟೈವಿನ್ ಲ್ಯಾನಿಸ್ಟರ್ ರಾಜಧಾನಿಗೆ ಕಳಿಸುವುದು, ಉತ್ತರದ ಪಾಳೆಯಗಾರರು ಸೇರಿ ನೆಡ್‌ನ ಮಗ ರಾಬ್‌ನನ್ನು ತಮ್ಮ ರಾಜ ಅಂತ ಕೂಗುವುದು, ಜಾನ್ ಸ್ನೋ ರಾತ್ರೋರಾತ್ರಿ ಓಡಿಹೋಗಲು ನೋಡಿ ಮತ್ತೆ ವಾಪಸು ಬರುವುದು, ಡೆನೇರಿಸ್ ಬೆಂಕಿಯಿಂದ ಮೂರು ಡ್ರ್ಯಾಗನ್ ಮರಿಗಳ ಜೊತೆ ಎದ್ದು ಬರುವುದು, ಎಲ್ಲ ಆ ಎಂಟರಲ್ಲೇ ಇದೆ. ಎರಡನೇ ಪುಸ್ತಕದ ಬೇರುಗಳೆಲ್ಲ ಅಲ್ಲಿವೆ.

ಪುಸ್ತಕದ ಕೊನೆಯಲ್ಲಿ ಮನೆತನಗಳ ಪಟ್ಟಿ ಇರುತ್ತದೆ, ಯಾವ ರಾಜನ ಕಡೆ ಯಾರಿದ್ದಾರೆ ಅಂತ ಒಬ್ಬೊಬ್ಬರ ಹೆಸರಿನಲ್ಲಿ ಬರೆದಿರುತ್ತಾರೆ. ಅಲ್ಲಿ ಒಂದು ಚೀಟಿ ಇಡಿ. ನಕ್ಷೆ ಇರುವ ಪುಟಕ್ಕೆ ಇನ್ನೊಂದು. ಹೆಸರು ಮರೆತಾಗಲೆಲ್ಲ ಫೋನ್ ತೆಗೆದು ಹುಡುಕಬೇಡಿ, ಇದು ತುಂಬಾ ಮುಖ್ಯ. ಒಂದು ಪಾತ್ರದ ಹೆಸರನ್ನು ಅರ್ಧ ಟೈಪ್ ಮಾಡುವುದರೊಳಗೆ ಅವನು ಹೇಗೆ ಸತ್ತ ಎಂಬುದೇ ಕೆಳಗೆ ಬಂದು ಕೂತಿರುತ್ತದೆ. ಮೂರನೇ ನಾಲ್ಕನೇ ಪುಸ್ತಕದ ಹಿಂದಿನ ಪಟ್ಟಿಯನ್ನೂ ನೋಡಬೇಡಿ, ಅಲ್ಲಿ ಸತ್ತವರನ್ನು ಸತ್ತವರು ಅಂತಲೇ ಹಾಕಿರುತ್ತಾರೆ.

ಕೆಲವು ಇಂಗ್ಲಿಷ್ ಪದಗಳಿಗೆ ನಮ್ಮಲ್ಲೇ ಸರಿಯಾದ ಮಾತುಗಳಿವೆ, ಅವನ್ನು ತಲೆಯಲ್ಲಿಟ್ಟುಕೊಂಡರೆ ಓದು ಸಲೀಸಾಗುತ್ತದೆ. ಬ್ಯಾನರ್‌ಮನ್ ಅಂದರೆ ಹೆಚ್ಚೂಕಡಿಮೆ ನಮ್ಮ ಪಾಳೆಯಗಾರ. ತನ್ನದೇ ಕೋಟೆ, ತನ್ನದೇ ಜನ ಇರುತ್ತಾರೆ, ದೊಡ್ಡ ಅರಸು ಕರೆದಾಗ ಪಡೆ ಕಟ್ಟಿಕೊಂಡು ಹೋಗಬೇಕು. ಕರೆದಾಗ ಹೋಗದೆಯೂ ಇರಬಹುದು, ಇಲ್ಲಿನ ಅರ್ಧ ರಾಜಕೀಯ ಅದೇ. ಹ್ಯಾಂಡ್ ಅಂದರೆ ದಿವಾನ ಅಂದುಕೊಳ್ಳಿ. ಸೆಲ್‌ಸ್ವೋರ್ಡ್ ಅಂದರೆ ದುಡ್ಡಿಗೆ ಹೋರಾಡುವವನು. ಮೇಸ್ಟರ್ ಅಂದರೆ ವೈದ್ಯ, ಮೇಷ್ಟ್ರು, ಕಾಗೆಯ ಕಾಲಿಗೆ ಕಾಗದ ಕಟ್ಟಿ ಕಳಿಸುವವನು, ಎಲ್ಲವೂ ಒಬ್ಬನೇ. ವಾರ್ಡ್ ಎಂಬ ಪದದ ಹತ್ತಿರ ಮಾತ್ರ ಸ್ವಲ್ಪ ನಿಲ್ಲಿ. ಬಾಯಲ್ಲಿ ಸಾಕುಮಗ, ನಿಜದಲ್ಲಿ ಒತ್ತೆಯಾಳು. ಥಿಯಾನ್ ಗ್ರೇಜಾಯ್‌ನ ಇಡೀ ಕಥೆ ಈ ಎರಡು ಪದಗಳ ನಡುವೆಯೇ ನಡೆಯುತ್ತದೆ.

ಐವರು ರಾಜರು, ಐದು ವಾದ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಐದು ಹೆಸರು ಬರೆಯಿರಿ. ಹೆಸರಿನ ಮುಂದೆ ಅವನ ಸೈನ್ಯ ಎಷ್ಟು ಅಂತ ಬರೆಯಬೇಡಿ. ‘ನಾನೇ ರಾಜ’ ಅಂತ ಯಾವ ಆಧಾರದ ಮೇಲೆ ಹೇಳುತ್ತಿದ್ದಾನೆ ಎಂಬುದನ್ನು ಬರೆಯಿರಿ. ಅಲ್ಲೇ ಇರುವುದು ಗಮ್ಮತ್ತು.

ಜಾಫ್ರಿ ಸಿಂಹಾಸನದ ಮೇಲೆ ಕೂತಿದ್ದಾನೆ, ಅದೇ ಅವನ ಆಧಾರ. ಸ್ಟಾನಿಸ್ ಸತ್ತ ರಾಜ ರಾಬರ್ಟ್‌ನ ತಮ್ಮ, ಜಾಫ್ರಿ ರಾಬರ್ಟ್‌ನ ಮಗನೇ ಅಲ್ಲವಾದ್ದರಿಂದ ಕಾನೂನಿನ ಪ್ರಕಾರ ಪಟ್ಟ ತನ್ನದು ಎನ್ನುತ್ತಾನೆ. ಕಾನೂನು ಅವನ ಕಡೆಗಿದೆ, ಜನ ಇಲ್ಲ. ರೆನ್ಲಿ ಎಲ್ಲರಿಗಿಂತ ಕಿರಿಯ ತಮ್ಮ, ಅವನಿಗೆ ಕಾನೂನಿನ ಹಕ್ಕು ಯಾವುದೂ ಇಲ್ಲ, ಆದರೆ ಜನ ಪ್ರೀತಿಸುತ್ತಾರೆ, ದೊಡ್ಡ ಸೈನ್ಯ ಹಿಂದಿದೆ, ಅಷ್ಟು ಸಾಲದಾ ಎಂಬುದು ಅವನ ವಾದ. ರಾಬ್ ತಾನಾಗಿ ಕೇಳಲಿಲ್ಲ, ಉತ್ತರದವರು ಅವನ ತಲೆಗೆ ಕಟ್ಟಿದರು. ಅವನಿಗೆ ಆ ಸಿಂಹಾಸನವೂ ಬೇಡ, ತನ್ನ ನಾಡು ಬೇರೆಯಾದರೆ ಸಾಕು. ಐದನೆಯವನು ಬೇಲನ್ ಗ್ರೇಜಾಯ್. ದ್ವೀಪದವನು, ಕತ್ತಿಯಿಂದ ಕಿತ್ತುಕೊಂಡಿದ್ದೇ ತನ್ನದು ಎನ್ನುವ ಹಳೆಯ ಪದ್ಧತಿಯವನು.

ಈಗ ನೋಡಿ, ಸ್ಟಾನಿಸ್ ಮತ್ತು ರೆನ್ಲಿ ಒಂದೇ ತಾಯಿಯ ಮಕ್ಕಳು. ಇಬ್ಬರ ಜಗಳ ನಮಗೆ ಹೊಸದಲ್ಲ, ದಾಯಾದಿ ಮತ್ಸರ ಅಂತ ಪದವೇ ಇರುವ ಭಾಷೆ ನಮ್ಮದು. ಆದರೆ ಮಾರ್ಟಿನ್ ಇಲ್ಲಿ ಒಂದು ಹಳೆಯ ಗಾಯವನ್ನು ಮೆಲ್ಲಗೆ ಇಟ್ಟಿದ್ದಾರೆ. ಹಿಂದೆ ರಾಬರ್ಟ್ ದಂಗೆ ಎದ್ದಾಗ ಸ್ಟಾನಿಸ್ ತಮ್ಮ ಮನೆತನದ ಕೋಟೆ ಸ್ಟಾರ್ಮ್ಸ್ ಎಂಡ್ ಒಳಗೆ ಸುಮಾರು ಒಂದು ವರ್ಷ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ, ಇಲಿ ತಿಂದು ಬದುಕುವ ಹಾಗೆ ಆಗಿತ್ತು. ರೆನ್ಲಿ ಆಗ ಚಿಕ್ಕ ಹುಡುಗ, ಅದೇ ಕೋಟೆಯೊಳಗಿದ್ದ. ಹೊರಗೆ ಕೂತು ಅವರನ್ನು ಹಸಿವಿನಿಂದ ಸಾಯಿಸಲು ನೋಡಿದವರು ಟೈರೆಲ್ ಮನೆತನದವರು. ಈಗ ರೆನ್ಲಿ ಅದೇ ಟೈರೆಲ್ ಮನೆಯ ಹುಡುಗಿಯನ್ನು ಮದುವೆಯಾಗಿ, ಅವರ ಸೈನ್ಯದ ಬಲದಿಂದ ಅಣ್ಣನ ವಿರುದ್ಧ ನಿಂತಿದ್ದಾನೆ. ಇದನ್ನು ಪುಸ್ತಕ ಎಲ್ಲೂ ಒತ್ತಿ ಹೇಳುವುದಿಲ್ಲ. ಅಲ್ಲೊಂದು ಸಾಲು, ಇಲ್ಲೊಂದು ಸಾಲು. ಆದರೆ ಇದು ತಲೆಯಲ್ಲಿದ್ದರೆ ಅಣ್ಣ ತಮ್ಮ ಎದುರುಬದುರಾಗುವ ಅಧ್ಯಾಯದಲ್ಲಿ ಸ್ಟಾನಿಸ್ ಹಲ್ಲು ಕಡಿಯುವುದು ಯಾಕೆ ಅಂತ ಅರ್ಥವಾಗುತ್ತದೆ. ಅಲ್ಲಿ ಒಂದು ಪೀಚ್ ಹಣ್ಣು ಬರುತ್ತದೆ. ಅದನ್ನು ಮರೆಯಬೇಡಿ.

ಆಣೆಗಳ ಪಟ್ಟಿ

ಇದು ಈ ಓದಿನ ಮುಖ್ಯ ಕೆಲಸ. ನೋಟ್‌ಬುಕ್ಕಿನ ಉಳಿದ ಪುಟಗಳಲ್ಲಿ ಎರಡು ಕಾಲಂ ಹಾಕಿ. ಒಂದು ಕಡೆ ಮಾತು ಕೊಟ್ಟವರು, ಇನ್ನೊಂದು ಕಡೆ ಯಾರಿಗೆ, ಏನಂತ. ಓದುತ್ತಾ ಓದುತ್ತಾ ತುಂಬಿಸಿ. ಮಾತು ಮುರಿದಾಗ ಗೆರೆ ಎಳೆಯಿರಿ, ಆದರೆ ಯಾಕೆ ಮುರಿಯಿತು ಅಂತ ಪಕ್ಕದಲ್ಲಿ ನಾಲ್ಕು ಪದ ಬರೆಯಿರಿ.

ಡಾವೋಸ್‌ನಿಂದ ಶುರು ಮಾಡಿ. ಇವನಿಗೆ ಇಡೀ ಪುಸ್ತಕದಲ್ಲಿ ಮೂರೇ ಅಧ್ಯಾಯ, ಆದರೆ ನನಗೆ ತುಂಬಾ ಹತ್ತಿರದವನು. ಕಳ್ಳಸಾಗಣೆ ಮಾಡುತ್ತಿದ್ದವನು. ಆ ಮುತ್ತಿಗೆಯ ಕಾಲದಲ್ಲಿ ಕಾವಲಿನ ಹಡಗುಗಳ ಕಣ್ಣು ತಪ್ಪಿಸಿ ಒಂದು ದೋಣಿ ತುಂಬಾ ಈರುಳ್ಳಿ ಮತ್ತು ಉಪ್ಪುಮೀನು ತಂದು ಕೋಟೆಯವರ ಜೀವ ಉಳಿಸಿದ. ಸ್ಟಾನಿಸ್ ಅವನಿಗೆ ನೈಟ್ ಪದವಿ ಕೊಟ್ಟ, ಜಮೀನು ಕೊಟ್ಟ. ಜೊತೆಗೆ, ಹಿಂದಿನ ಕಳ್ಳತನಕ್ಕೆ ಶಿಕ್ಷೆ ಅಂತ ಒಂದು ಕೈಯ ನಾಲ್ಕು ಬೆರಳುಗಳ ತುದಿ ಕತ್ತರಿಸಿದ. ಒಳ್ಳೆಯದು ಕೆಟ್ಟದ್ದನ್ನು ತೊಳೆಯುವುದಿಲ್ಲ, ಕೆಟ್ಟದ್ದು ಒಳ್ಳೆಯದನ್ನು ಅಳಿಸುವುದಿಲ್ಲ ಎಂಬುದು ಸ್ಟಾನಿಸ್‌ನ ಲೆಕ್ಕ. ಡಾವೋಸ್ ಆ ಬೆರಳಿನ ಮೂಳೆಗಳನ್ನು ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದಾನೆ, ಅದು ತನ್ನ ಅದೃಷ್ಟ ಎನ್ನುತ್ತಾನೆ. ಬೆರಳು ಕತ್ತರಿಸಿದವನಿಗೇ ಈ ಪರಿ ನಿಷ್ಠೆ! ಮೊದಲು ಓದುವಾಗ ಇದು ಗುಲಾಮತನ ಅಂತಲೇ ಅನ್ನಿಸಬಹುದು. ಆದರೆ ರಾಜನಿಗೆ ಕಹಿಯಾದ ಸತ್ಯವನ್ನು ಮುಖಕ್ಕೆ ಹೇಳುವವನೂ ಇವನೇ ಎಂಬುದನ್ನು ನೋಡಿ. ಸುತ್ತ ಇರುವವರು ಹೌದಪ್ಪ ಎನ್ನುತ್ತಿರುವಾಗ, ಓದು ಬರಹ ಬಾರದ ಈ ಮನುಷ್ಯ ಇಲ್ಲ ಎನ್ನುತ್ತಾನೆ.

ನಮ್ಮ ಹಳಗನ್ನಡದಲ್ಲಿ ಇದಕ್ಕೆಲ್ಲ ಪದಗಳಿದ್ದವು. ಜೋಳವಾಳಿ ಅಂದರೆ ಉಂಡ ಅನ್ನದ ಋಣ ತೀರಿಸುವ ನಿಷ್ಠೆ. ವೇಳೆವಾಳಿ ಅಂದರೆ ಒಡೆಯನಿಗೆ ಹೊತ್ತು ಬಂದಾಗ ಜೀವ ಕೊಡುತ್ತೇನೆ ಎಂಬ ಆಣೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಬಳಿ ಒಂದು ಕಂಬವಿದೆ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನದು. 1220ರಲ್ಲಿ ರಾಜ ತೀರಿಕೊಂಡಾಗ ಅವನು, ಅವನ ಹೆಂಡತಿ, ಅವನ ಪಡೆಯವರು ಆಣೆಯಂತೆ ಪ್ರಾಣ ಬಿಟ್ಟರು ಅಂತ ಆ ಕಂಬದ ಶಾಸನ ಹೇಳುತ್ತದೆ. ಅದರ ಮೇಲಿನ ಕೆತ್ತನೆಗಳನ್ನು ನಿಂತು ನೋಡಿದವರಿಗೆ ಆಣೆ ಎಂಬುದು ಬರೀ ಬಾಯಿಮಾತಲ್ಲ, ಮೈಯನ್ನೇ ಪಣಕ್ಕಿಡುವುದು ಅಂತ ಗೊತ್ತು. ಡಾವೋಸ್‌ನದು ಜೋಳವಾಳಿ. ಜಾನ್ ಸ್ನೋ ಉತ್ತರದ ಗಡಿ ಕಾಯುವ ದೊಡ್ಡ ಗೋಡೆಯ ಮೇಲೆ ತೊಟ್ಟಿರುವ ವ್ರತ ವೇಳೆವಾಳಿಗೆ ಹತ್ತಿರ. ಈ ಎರಡು ಪದ ಇಟ್ಟುಕೊಂಡು ಓದಿದರೆ ಲಾಯಲ್ಟಿ ಎಂಬ ಒಂದೇ ಇಂಗ್ಲಿಷ್ ಪದದಲ್ಲಿ ಸಿಗದ ವ್ಯತ್ಯಾಸಗಳು ಸಿಗುತ್ತವೆ.

ಬ್ರಿಯೆನ್ ಎಂಬ ಹೆಣ್ಣುಮಗಳು ಬರುತ್ತಾಳೆ, ಕತ್ತಿ ಹಿಡಿಯುವವಳು. ಒಂದು ಹಂತದಲ್ಲಿ ಅವಳು ರಾಬ್‌ನ ತಾಯಿ ಕ್ಯಾಟ್ಲಿನ್‌ಗೆ ಆಣೆ ಇಡುತ್ತಾಳೆ. ಆ ಅರ್ಧ ಪುಟವನ್ನು ಎರಡು ಸಲ ಓದಿ. ಯಾಕೆಂದರೆ ಆಣೆ ಬರೀ ಬ್ರಿಯೆನ್ ಇಡುವುದಿಲ್ಲ, ಕ್ಯಾಟ್ಲಿನ್ ಕೂಡ ಇಡುತ್ತಾಳೆ. ನಿನಗೆ ನನ್ನ ಒಲೆಯ ಪಕ್ಕ ಜಾಗ ಇರುತ್ತದೆ, ನಿನ್ನ ಮಾನಕ್ಕೆ ಕುಂದು ತರುವ ಕೆಲಸ ಯಾವತ್ತೂ ಹೇಳುವುದಿಲ್ಲ ಅಂತ. ಒಡೆಯರಿಗೂ ಕಟ್ಟುಪಾಡಿದೆ. ಈ ಪುಸ್ತಕದ ಬಹಳಷ್ಟು ರಾಜರು ಆಣೆಯ ಆ ಎರಡನೇ ಭಾಗವನ್ನು ಮರೆತಿರುವುದರಿಂದಲೇ ಇಷ್ಟೆಲ್ಲ ರಕ್ತ ಹರಿಯುವುದು ಅಂತ ನನಗೆ ಅನ್ನಿಸುತ್ತದೆ.

ಸಾನ್ಸಾಳ ಅಧ್ಯಾಯಗಳನ್ನು ‘ಅಳುಮುಂಜಿ ಹುಡುಗಿ’ ಅಂತ ಓಡಿಸಬೇಡಿ. ನೆಡ್‌ನ ಮಗಳು, ತಂದೆಯನ್ನು ಕೊಂದವನ ಅರಮನೆಯಲ್ಲೇ ಒತ್ತೆಯಾಳಾಗಿ ಇದ್ದಾಳೆ. ಅವಳನ್ನು ಹೊಡೆಯುವವರು ಯಾರು ಅಂತ ನೋಡಿ. ಬಿಳಿ ಮೇಲಂಗಿ ಹಾಕಿದ ರಾಜನ ಖಾಸಾ ಕಾವಲಿನವರು, ದುರ್ಬಲರನ್ನು ಕಾಪಾಡುತ್ತೇವೆ ಅಂತ ದೇವರ ಮುಂದೆ ವ್ರತ ತೊಟ್ಟ ನೈಟ್‌ಗಳು. ರಾಜ ಹೇಳಿದ, ಅವರು ಹೊಡೆದರು. ಒಬ್ಬ ಸ್ವಲ್ಪ ಮೆಲ್ಲಗೆ ಹೊಡೆಯುತ್ತಾನೆ, ಅಷ್ಟೇ ಅವನ ಧರ್ಮ. ಸಾಕು ಅಂತ ಬಾಯಿಬಿಡುವವನು ಯಾವ ವ್ರತವನ್ನೂ ತೊಡದ, ನೈಟ್ ಅಂತ ಕರೆದರೆ ಉರಿದುಬೀಳುವ, ಸುಟ್ಟ ಮುಖದ ಸ್ಯಾಂಡರ್ ಕ್ಲಿಗೇನ್. ನಿಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನೂ ಇರುವುದಿಲ್ಲ. ಆ ಖಾಲಿ ಜಾಗವನ್ನು ಹಾಗೇ ಬಿಡಿ.

ಥಿಯಾನ್ ವಿಷಯ ಬೇರೆ. ಅವನ ಅಪ್ಪ ಬೇಲನ್ ಹಿಂದೊಮ್ಮೆ ದಂಗೆ ಎದ್ದು ಸೋತಾಗ ಥಿಯಾನ್‌ನನ್ನು ಸ್ಟಾರ್ಕ್ ಮನೆತನದ ಕೋಟೆ ವಿಂಟರ್‌ಫೆಲ್‌ಗೆ ತಂದಿಟ್ಟುಕೊಂಡಿದ್ದರು. ಹತ್ತು ವರ್ಷ ಅಲ್ಲೇ ಬೆಳೆದ. ಈಗ ರಾಬ್ ಅವನನ್ನು ನಂಬಿ ಅಪ್ಪನ ಹತ್ತಿರ ಸಂಧಾನಕ್ಕೆ ಕಳಿಸುತ್ತಾನೆ, ಬೇಡ ಅಂತ ಕ್ಯಾಟ್ಲಿನ್ ಹೇಳಿದರೂ. ಮನೆಗೆ ಹೋದವನಿಗೆ ಅಪ್ಪ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಕೊರಳಿನ ಸರಕ್ಕೆ ಏನು ಬೆಲೆ ಕೊಟ್ಟೆ, ಚಿನ್ನವೋ ಕಬ್ಬಿಣವೋ ಅಂತ. ದುಡ್ಡು ಕೊಟ್ಟು ಕೊಂಡಿದ್ದು ಅವರ ದ್ವೀಪದಲ್ಲಿ ಅವಮಾನ, ಕೊಂದು ಕಿತ್ತುಕೊಂಡಿದ್ದೇ ಗಂಡಸುತನ. ಉತ್ತರದವರಿಗೆ ಇವನು ದ್ವೀಪದವನು, ದ್ವೀಪದವರಿಗೆ ಉತ್ತರದವನು. ಇಲ್ಲಿಂದ ಮುಂದೆ ಅವನು ಮಾಡುವ ಕೆಲಸಗಳಿಗೆ ನಿಮಗೆ ಸಿಟ್ಟು ಬರುತ್ತದೆ, ಬರಲೇಬೇಕು. ಆದರೂ ಅವನ ಆರೂ ಅಧ್ಯಾಯಗಳಲ್ಲಿ, ಇವನು ಯಾರ ಮೆಚ್ಚುಗೆಗಾಗಿ ಇದನ್ನು ಮಾಡುತ್ತಿದ್ದಾನೆ ಅಂತ ಕೇಳಿಕೊಂಡು ಓದಿ. ಉತ್ತರ ಪ್ರತಿ ಸಲ ಬದಲಾಗುತ್ತದೆ. ನನಗಂತೂ ಈ ಪುಸ್ತಕದಲ್ಲಿ ಅತಿ ನೋವು ಕೊಟ್ಟ ಓದು ಅದೇ.

ಪುಸ್ತಕದ ಕೊನೆಯ ಹತ್ತಿರ ರಿವರ್‌ರನ್ ಕೋಟೆಯ ಸೆರೆಮನೆಯಲ್ಲಿ ಕ್ಯಾಟ್ಲಿನ್ ಮತ್ತು ಜೇಮಿ ಲ್ಯಾನಿಸ್ಟರ್ ಮಾತಾಡುತ್ತಾರೆ. ಕಾಯಬೇಕಾದ ರಾಜನನ್ನೇ ಕೊಂದವನು ಈ ಜೇಮಿ. ಅವನು ಹೇಳುವುದರ ಸಾರ: ರಾಜನ ಮಾತು ಕೇಳು ಅಂತ ಒಂದು ಆಣೆ, ಅಪ್ಪನ ಮಾತು ಕೇಳು ಅಂತ ಇನ್ನೊಂದು, ಅಮಾಯಕರನ್ನು ಕಾಪಾಡು ಅಂತ ಮತ್ತೊಂದು. ರಾಜನೇ ಅಮಾಯಕರನ್ನು ಕೊಲ್ಲುತ್ತಿದ್ದರೆ? ಯಾವುದನ್ನು ಉಳಿಸಿದರೂ ಇನ್ನೊಂದು ಮುರಿಯುತ್ತದೆ. ಈ ಅಧ್ಯಾಯಕ್ಕೆ ಬಂದಾಗ ಪುಸ್ತಕ ಮಡಚಿ ನಿಮ್ಮ ಪಟ್ಟಿ ತೆಗೆದು ನೋಡಿ. ಗೆರೆ ಎಳೆದ ಎಷ್ಟು ಆಣೆಗಳು ದುರಾಸೆಯಿಂದ ಮುರಿದವು, ಎಷ್ಟು ಇನ್ನೊಂದು ಆಣೆಯಿಂದ ಮುರಿದವು ಅಂತ.

ಕೆಂಪು ಧೂಮಕೇತು

ಪುಸ್ತಕ ಶುರುವಾದಾಗ ಆಕಾಶದಲ್ಲಿ ಒಂದು ಕೆಂಪು ಧೂಮಕೇತು ಇರುತ್ತದೆ. ಮೊದಲ ಹದಿನೈದು ಅಧ್ಯಾಯಗಳವರೆಗೆ ಅದನ್ನು ಯಾರು ನೋಡಿ ಏನಂತ ಹೇಳುತ್ತಾರೆ ಅಂತ ಬರೆದುಕೊಳ್ಳಿ. ಜಾಫ್ರಿಯ ಕಡೆಯವರಿಗೆ ಅದು ಲ್ಯಾನಿಸ್ಟರ್ ಮನೆತನದ ಬಣ್ಣ, ಅವನ ಗೆಲುವಿನ ಗುರುತು. ಉತ್ತರದವರಿಗೆ ನೆಡ್‌ನ ಸಾವಿಗೆ ಸೇಡು. ಡೆನೇರಿಸ್‌ಗೆ ಮರುಭೂಮಿಯಲ್ಲಿ ದಾರಿ ತೋರಿಸುವ ದೀಪ. ಥಿಯಾನ್‌ಗೆ ತನ್ನದೇ ಅದೃಷ್ಟ. ಕಣ್ಣು ಕಾಣದ ಅಜ್ಜಿಯೊಬ್ಬಳು ಮೂಗಿನಲ್ಲೇ ವಾಸನೆ ಹಿಡಿದು ಡ್ರ್ಯಾಗನ್ ಎನ್ನುತ್ತಾಳೆ. ಒಂದೇ ವಸ್ತು, ನೋಡುವವರ ಆಸೆಯ ಬಣ್ಣ. ಇಲ್ಲಿ ಯಾವ ಅಧ್ಯಾಯವೂ ಪೂರ್ತಿ ಸತ್ಯ ಹೇಳುವುದಿಲ್ಲ, ಆ ಪಾತ್ರಕ್ಕೆ ಕಂಡಷ್ಟನ್ನೇ ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಒಟ್ಟು ಒಂಬತ್ತು ಜನರ ಕಣ್ಣಿನಿಂದ ಕಥೆ ನಡೆಯುತ್ತದೆ, ಜೊತೆಗೆ ಮೊದಲಿಗೆ ಬರುವ ಮುದಿ ಮೇಸ್ಟರ್ ಕ್ರೆಸ್ಸನ್. ಐವರು ರಾಜರಲ್ಲಿ ಒಬ್ಬನ ಕಣ್ಣಿನಿಂದಲೂ ಇಲ್ಲ, ಇದನ್ನು ಗಮನಿಸಿದ್ದೀರಾ? ಅವರನ್ನೆಲ್ಲ ನಾವು ಪಕ್ಕದಲ್ಲಿ ನಿಂತವರ ಕಣ್ಣಿನಿಂದಲೇ ನೋಡಬೇಕು.

ಒಳಸಂಚು ಓದುವುದು

ಟಿರಿಯನ್‌ಗೆ 15 ಅಧ್ಯಾಯ, ಎಲ್ಲರಿಗಿಂತ ಜಾಸ್ತಿ. ಅಪ್ಪನ ಬದಲಿಗೆ ದಿವಾನಗಿರಿ ಮಾಡಲು ರಾಜಧಾನಿಗೆ ಬಂದಿದ್ದಾನೆ. ಇಲ್ಲಿ ವೇಗವಾಗಿ ಓದಿದರೆ ಏನೂ ದಕ್ಕುವುದಿಲ್ಲ. ಪ್ರತಿ ಸಭೆ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಈಗ ಈ ವಿಷಯ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ?

ಒಂದು ಉದಾಹರಣೆ ಕೊಡುತ್ತೇನೆ, ಇದು ಗೊತ್ತಾದರೂ ರುಚಿ ಕೆಡುವುದಿಲ್ಲ. ತನ್ನ ಅಕ್ಕ, ರಾಣಿ ಸರ್ಸೀಗೆ ಸುದ್ದಿ ಮುಟ್ಟಿಸುವವನು ಯಾರು ಅಂತ ಟಿರಿಯನ್‌ಗೆ ತಿಳಿಯಬೇಕು. ಸಭೆಯ ಮೂವರು ಹಿರಿಯರಿಗೆ ಬೇರೆ ಬೇರೆಯಾಗಿ, ಗುಟ್ಟಾಗಿ ಹೇಳುತ್ತಾನೆ, ರಾಜಕುಮಾರಿಗೆ ಮದುವೆ ನಿಶ್ಚಯ ಮಾಡುತ್ತಿದ್ದೇನೆ ಅಂತ. ಆದರೆ ಒಬ್ಬೊಬ್ಬರಿಗೆ ಒಂದೊಂದು ಗಂಡಿನ ಹೆಸರು. ಆಮೇಲೆ ಅಕ್ಕ ಕೂಗಾಡುತ್ತಾ ಬಂದಾಗ ಅವಳ ಬಾಯಲ್ಲಿ ಯಾವ ಹೆಸರು ಬರುತ್ತದೆ ಅಂತ ಕಾಯುತ್ತಾನೆ. ಮಂತ್ರಿಗಳನ್ನು ಹೀಗೆ ಗುಟ್ಟಾಗಿ ಪರೀಕ್ಷೆ ಮಾಡುವುದನ್ನು ಕೌಟಿಲ್ಯನೂ ಹೇಳುತ್ತಾನೆ, ಧರ್ಮ, ಅರ್ಥ, ಕಾಮ, ಭಯ ಅಂತ ನಾಲ್ಕು ಬಗೆಯ ಪರೀಕ್ಷೆ. ಆ ಅಧ್ಯಾಯದಲ್ಲಿ ಮೂವರಿಗೂ ಹೇಳಿದ ಹೆಸರುಗಳನ್ನು ಬರೆದಿಟ್ಟುಕೊಂಡರೆ, ಉತ್ತರ ಟಿರಿಯನ್ ಜೊತೆಯಲ್ಲೇ ನಿಮಗೂ ಹೊಳೆಯುತ್ತದೆ. ಆ ಖುಷಿಯೇ ಬೇರೆ.

ಇನ್ನೊಂದು, ಕಾಗದದ ಯುದ್ಧ. ಸ್ಟಾನಿಸ್ ಊರೂರಿಗೆ ಪತ್ರ ಕಳಿಸುತ್ತಾನೆ, ಜಾಫ್ರಿ ರಾಬರ್ಟ್‌ನ ಮಗನಲ್ಲ ಅಂತ. ಅದು ನಿಜ ಅಂತ ನಮಗೆ ಗೊತ್ತು. ರಾಜಧಾನಿಯಲ್ಲಿ ಕೂತವರು ಇದನ್ನು ಅಲ್ಲಗಳೆಯುವ ಗೋಜಿಗೇ ಹೋಗುವುದಿಲ್ಲ, ಸ್ಟಾನಿಸ್‌ನ ಮಗಳ ಹುಟ್ಟಿನ ಬಗ್ಗೆ ಅದಕ್ಕಿಂತ ಹೊಲಸಾದ ಗಾಳಿಸುದ್ದಿ ಹಬ್ಬಿಸುತ್ತಾರೆ. ಯಾವುದು ನಿಜ ಎಂಬುದಕ್ಕಿಂತ ಜನ ಯಾವುದನ್ನು ಬಾಯಿಂದ ಬಾಯಿಗೆ ದಾಟಿಸುತ್ತಾರೆ ಎಂಬುದರ ಮೇಲೆ ಆಟ ನಿಲ್ಲುತ್ತದೆ. ಇದೇ ಸುತ್ತಿನಲ್ಲಿ ರಾಜಸಭೆಯ ಬೇಹುಗಾರ ವ್ಯಾರಿಸ್ ಒಂದು ಒಗಟು ಹಾಕುತ್ತಾನೆ. ಒಂದು ಕೋಣೆಯಲ್ಲಿ ರಾಜ, ಪೂಜಾರಿ, ಸಾಹುಕಾರ, ನಡುವೆ ಕತ್ತಿ ಹಿಡಿದ ಒಬ್ಬ ಬಡ ಕೂಲಿಯವನು. ಮೂವರೂ ಉಳಿದಿಬ್ಬರನ್ನು ಕೊಲ್ಲು ಎನ್ನುತ್ತಾರೆ. ಯಾರು ಬದುಕುತ್ತಾರೆ? ವ್ಯಾರಿಸ್ ಉತ್ತರ ಕೊಡುವುದು ಕೆಲವು ಅಧ್ಯಾಯ ಕಳೆದ ಮೇಲೆ. ಅಷ್ಟರೊಳಗೆ ನಿಮ್ಮ ಉತ್ತರ ಬರೆದಿಡಿ, ಪುಸ್ತಕ ಮುಗಿದ ಮೇಲೆ ಇನ್ನೊಮ್ಮೆ ಬರೆಯಿರಿ. ನನ್ನವು ಎರಡೂ ಬೇರೆ ಬೇರೆ ಬಂದವು.

ಕಮ್ಮಾರರಿಂದ ಟಿರಿಯನ್ ಒಂದು ದೊಡ್ಡ ಸರಪಳಿ ಮಾಡಿಸುತ್ತಿರುತ್ತಾನೆ. ಯಾಕೆ ಅಂತ ಪುಸ್ತಕ ಬೇಗ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅದು ಎಲ್ಲೆಲ್ಲಿ ಬರುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ನಿಧಾನವಾಗುವ ಜಾಗಗಳು

ಡೆನೇರಿಸ್‌ಗೆ ಇಲ್ಲಿ ಐದೇ ಅಧ್ಯಾಯ, ಒಂದರಿಂದ ಇನ್ನೊಂದಕ್ಕೆ ತುಂಬಾ ದೂರ. ಅವಳ ಅಧ್ಯಾಯ ಬಂದಾಗ ಹಿಂದಿನದರ ಕೊನೆಯ ಪುಟ ಒಮ್ಮೆ ನೋಡಿಕೊಂಡು ಮುಂದೆ ಹೋಗಿ. ಕಾರ್ತ್ ಎಂಬ ಊರಿನಲ್ಲಿ ಅವಳು ಒಂದು ವಿಚಿತ್ರ ಮನೆಯೊಳಗೆ ಹೋಗಿ ಕನಸಿನಂಥ ದೃಶ್ಯಗಳನ್ನು ನೋಡುತ್ತಾಳೆ. ಅದರಲ್ಲಿ ಅರ್ಧಕ್ಕರ್ಧ ಈಗ ಅರ್ಥವಾಗುವುದಿಲ್ಲ. ಅರ್ಥವಾಗಬೇಕಾಗಿಯೂ ಇಲ್ಲ. ಆ ಪುಟಕ್ಕೆ ಚೀಟಿ ಇಟ್ಟು ಮೂರನೇ ಪುಸ್ತಕ ಮುಗಿಸಿದ ಮೇಲೆ ವಾಪಸು ಬನ್ನಿ. ಬ್ರಾನ್‌ನ (ನೆಡ್‌ನ ಚಿಕ್ಕ ಮಗ) ಕನಸುಗಳಿಗೂ ಇದೇ ಮಾತು.

ಆರ್ಯಳ ಹತ್ತು ಅಧ್ಯಾಯಗಳಲ್ಲಿ ರಾಜರು ಯಾರೂ ಹತ್ತಿರದಲ್ಲಿಲ್ಲ, ಹುಡುಗನ ವೇಷದಲ್ಲಿ ಅವಳು ಸುಟ್ಟ ಹಳ್ಳಿಗಳ ನಡುವೆ ನಡೆಯುತ್ತಿರುತ್ತಾಳೆ. ಅಲ್ಲಿ ಎರಡೂ ಕಡೆಯ ಸೈನಿಕರು ಒಂದೇ ಥರ ಕಾಣುತ್ತಾರೆ. ಒಡೆಯರು ಮಾನ, ಮರ್ಯಾದೆ ಅಂತ ಮಾತಾಡುವ ಅಧ್ಯಾಯ ಓದಿದ ಮೇಲೆ ತಕ್ಷಣ ಆರ್ಯಳದ್ದು ಬಂದರೆ ನಿಲ್ಲಿಸಬೇಡಿ, ಎರಡನ್ನೂ ಒಂದೇ ಕೂತಲ್ಲಿ ಓದಿ. ಆ ಮರ್ಯಾದೆಯ ಖರ್ಚು ಯಾರ ಹೊಲದಿಂದ ಬಂತು ಅಂತ ಅಲ್ಲೇ ಕಾಣುತ್ತದೆ.

ಬ್ಲ್ಯಾಕ್‌ವಾಟರ್ ನದಿಯ ಯುದ್ಧಕ್ಕೆ ಒಂದು ಇಡೀ ರಾತ್ರಿ ಮೀಸಲಿಡಿ. ಅದು ಮೂವರ ಕಣ್ಣಿನಿಂದ ಬರುತ್ತದೆ: ನದಿಯಲ್ಲಿ ಹಡಗಿನ ಮೇಲೆ ಡಾವೋಸ್, ಕೋಟೆಯ ಕಡೆ ಟಿರಿಯನ್, ಒಳಗೆ ಹೆಂಗಸರ ಜೊತೆ ಬಾಗಿಲು ಹಾಕಿಕೊಂಡು ಕೂತ ಸಾನ್ಸಾ. ಬಿಡಿಬಿಡಿಯಾಗಿ ಓದಿದರೆ ಆ ಬಿಗಿ ಸಿಗುವುದಿಲ್ಲ. ಅಲ್ಲಿ ಬರುವ ಹಸಿರು ಬೆಂಕಿಯನ್ನು ನೋಡಿದರೆ, ಏಳನೇ ಶತಮಾನದಲ್ಲಿ ಬೈಜಾಂಟಿಯಂನವರು ಅರಬ್ಬರ ಹಡಗುಗಳ ಮೇಲೆ ಬಿಟ್ಟ, ನೀರಿನ ಮೇಲೂ ಉರಿಯುವ ಗ್ರೀಕ್ ಬೆಂಕಿ ನೆನಪಾಗುತ್ತದೆ.

ಇತಿಹಾಸ ಇಷ್ಟವಿರುವವರಿಗೆ ಇನ್ನೂ ಒಂದು ಮಾತು. ಇಂಗ್ಲೆಂಡಿನಲ್ಲಿ 1455ರಿಂದ 1487ರವರೆಗೆ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ನಡೆದ ಗುಲಾಬಿ ಯುದ್ಧಗಳು ಈ ಸರಣಿಗೆ ಮುಖ್ಯ ಸ್ಫೂರ್ತಿ. ಅಲ್ಲಿ ವಾರ್ವಿಕ್‌ನ ಅರ್ಲ್ ಎಂಬವನು ಒಬ್ಬನನ್ನು ಪಟ್ಟಕ್ಕೆ ಕೂರಿಸಿ, ಆಮೇಲೆ ಪಕ್ಷ ಬದಲಿಸಿ, 1471ರಲ್ಲಿ ಬಾರ್ನೆಟ್ ಯುದ್ಧದಲ್ಲಿ ಸತ್ತ. ಅದನ್ನು ಓದಿ ಬಂದರೆ ಇಲ್ಲಿನ ಪಾಳೆಯಗಾರರು ಬಾವುಟ ಬದಲಿಸುವುದು ಅತಿ ಅನ್ನಿಸುವುದಿಲ್ಲ. ಆದರೆ ಇದು ಕಡ್ಡಾಯ ಏನಲ್ಲ.

ಎಷ್ಟು ದಿನ ಬೇಕು?

ಪೀಠಿಕೆ ಸೇರಿ 70 ಅಧ್ಯಾಯ. ದಿನಕ್ಕೆ ಎರಡು ಓದಿದರೆ ಐದು ವಾರ. ಕೆಲಸಕ್ಕೆ ಹೋಗುವವರಿಗೆ ಇದು ಸರಿಯಾದ ಹದ, ನಾನು ಬಸ್ಸಿನಲ್ಲಿ ಹೋಗುವಾಗ ಒಂದು, ರಾತ್ರಿ ಮಲಗುವ ಮುಂಚೆ ಒಂದು ಅಂತ ಇಟ್ಟುಕೊಂಡಿದ್ದೆ. ಕೇಳುವುದು ಇಷ್ಟವಿದ್ದರೆ ರಾಯ್ ಡಾಟ್ರಿಸ್ ಓದಿದ ಆಡಿಯೊ ಪುಸ್ತಕ ಇದೆ, ಸುಮಾರು 37 ಗಂಟೆ. ಆದರೆ ಮೊದಲ ಸಲಕ್ಕೆ ಬರೀ ಕೇಳಬೇಡಿ, ಹೆಸರುಗಳನ್ನು ಕಣ್ಣಿನಿಂದ ನೋಡದಿದ್ದರೆ ನೆನಪು ಉಳಿಯುವುದು ಕಷ್ಟ.

‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿ ನೋಡಿದ್ದೇನೆ, ಮತ್ತೆ ಓದಬೇಕಾ ಅಂತ ಕೇಳುವವರಿದ್ದಾರೆ. ಈ ಪುಸ್ತಕ 2012ರ ಎರಡನೇ ಸೀಸನ್‌ನಲ್ಲಿ ಬಂತು. ಆದರೆ ತುಂಬಾ ಬದಲಾಯಿಸಿದ್ದಾರೆ. ಹ್ಯಾರನ್‌ಹಾಲ್‌ನಲ್ಲಿ ಆರ್ಯ ಟೈವಿನ್ ಲ್ಯಾನಿಸ್ಟರ್‌ಗೆ ಪಾತ್ರೆ ಹಿಡಿಯುವುದು ಟಿವಿಯಲ್ಲಿ ಮಾತ್ರ. ಡೆನೇರಿಸ್‌ನ ಡ್ರ್ಯಾಗನ್‌ಗಳನ್ನು ಕದಿಯುವುದೂ ಪುಸ್ತಕದಲ್ಲಿಲ್ಲ. ರಾಬ್‌ನ ಪ್ರೇಮಕಥೆಯನ್ನು ಟಿವಿ ಕಣ್ಣೆದುರೇ ತೋರಿಸುತ್ತದೆ, ಪುಸ್ತಕದಲ್ಲಿ ಅವನು ಹೆಚ್ಚಿನ ಕಾಲ ದೂರದ ಸುದ್ದಿಯಾಗಿಯೇ ಇರುತ್ತಾನೆ. ಮನಸ್ಸಿನೊಳಗಿನ ತೊಳಲಾಟ, ಅದರಲ್ಲೂ ಥಿಯಾನ್ ಮತ್ತು ಸಾನ್ಸಾರದು, ಪುಸ್ತಕದಲ್ಲೇ ಸಿಗುವುದು. ಆದ್ದರಿಂದ ಹೌದು, ಓದಿ.

ಮುಗಿಸಿದ ಮೇಲೆ ನೋಟ್‌ಬುಕ್ಕನ್ನು ಎತ್ತಿಡಬೇಡಿ. 2000ದಲ್ಲಿ ಬಂದ ಮೂರನೇ ಪುಸ್ತಕ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ ಸರಿಯಾಗಿ ಇದರ ಕೊನೆಯಿಂದ ಶುರುವಾಗುವುದಿಲ್ಲ, ಅದರ ಕೆಲವು ಅಧ್ಯಾಯಗಳು ಇದರ ಕೊನೆಯ ಘಟನೆಗಳು ನಡೆಯುತ್ತಿರುವಾಗಲೇ ಶುರುವಾಗುತ್ತವೆ. ಹಾಗಾಗಿ ಒಂದು ತಿಂಗಳೊಳಗೆ ಅದನ್ನು ಹಿಡಿಯಿರಿ. ಜೇಮಿ ಸೆರೆಮನೆಯಲ್ಲಿ ಮಾತಾಡುವ ಆ ಅಧ್ಯಾಯ ಹೇಗೆ ನಿಂತುಹೋಗುತ್ತದೆ ಅಂತ ಓದಿದವರಿಗೆ ಗೊತ್ತು, ಅಲ್ಲಿಂದ ಮುಂದೆ ಆ ರಾತ್ರಿ ಏನಾಯಿತು ಎಂಬುದು ಮೂರನೆಯದರಲ್ಲಿದೆ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಬ್ರಿಯೆನ್ ಮತ್ತು ಜೇಮಿಯ ಹೆಸರಿನ ಮುಂದೆ ಅರ್ಧ ಪುಟ ಖಾಲಿ ಬಿಟ್ಟಿರಿ, ಬೇಕಾಗುತ್ತದೆ.